ದನದ ಡಾಕ್ಟರು ಮಾಡಿದ ಹವಾದ ಗಾಲಿ



ಕಬ್ಬಿನ ಹಂಗಾಮು ಬಂತೆಂದರೆ ಭಾಲ್ಕಿ ಕಡೆಯ ರಸ್ತೆಯಲ್ಲಿ ಎತ್ತಿನ ಗಾಡಿಗಳು ಕಾಣುತ್ತವೆ. ಅವುಗಳಲ್ಲಿ ರಬ್ಬರ್ ಗಾಲಿಯ ಗಾಡಿಗೆ ಹಿರಿಯರು ಡನ್‌ಲಪ್ ಗಾಡಿ ಅಂತಾರ. ಟೈರು ಯಾವ ಕಂಪನಿಯದೇ ಇರಲಿ, ಹೆಸರು ಮಾತ್ರ ಡನ್‌ಲಪ್. ಅದು ಒಬ್ಬ ಮನುಷ್ಯನ ಹೆಸರು ಎಂದು ಭಾಳ ಮಂದಿಗೆ ಗೊತ್ತಿಲ್ಲ. ಆ ಮನುಷ್ಯ ದನ ಕುದುರೆಗಳ ಡಾಕ್ಟರ್ ಆಗಿದ್ದರು ಎಂಬುದಂತೂ ನಮ್ಮ ಮನೆಯಲ್ಲಿ ಹೇಳಿದರೆ ಯಾರೂ ನಂಬಲಿಲ್ಲ.

ಈ ಸಲದ ವ್ಯಕ್ತಿ ಪರಿಚಯಕ್ಕೆ ನಾನು ಅವರನ್ನೇ ಆರಿಸಿಕೊಂಡಿದ್ದೇನೆ. ಈ ಮಳೆಗಾಲದಲ್ಲಿ ಸೈಕಲ್ ಟೈರು ಉಲ್ಟಾ ಹಾಕಿದ ವಿಷಯಕ್ಕೆ ನಮ್ಮೂರಲ್ಲಿ ದೊಡ್ಡ ಜಗಳ ಆದದ್ದು ನಿಮಗೆಲ್ಲ ಗೊತ್ತೇ ಅದ. ಟೈರಿಗೆ ಸುಲ್ಟಾ ಉಲ್ಟಾ ಅಂತ ನಿಜವಾಗಿಯೂ ಇರುತ್ತದೇನು ಎಂದು ಹುಡುಕುತ್ತ ಹೋದಾಗ ಈ ಡಾಕ್ಟರು ನನಗೆ ಸಿಕ್ಕರು. ಮೊದಲು ಅವರ ಕಥೆ, ಜಗಳದ ಮಾತು ಆಮೇಲೆ.

ಜಾನ್ ಬಾಯ್ಡ್ ಡನ್‌ಲಪ್ ಅವರು 1840ರ ಫೆಬ್ರವರಿ 5ರಂದು ಸ್ಕಾಟ್ಲೆಂಡಿನ ಡ್ರೆಗ್‌ಹಾರ್ನ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಒಕ್ಕಲುತನದ ಮನೆ. ತಾವು ದಿನ ತುಂಬುವ ಮೊದಲೇ ಹುಟ್ಟಿದವರು, ಆದ್ದರಿಂದ ದೇಹಕ್ಕೆ ತ್ರಾಸು ಕೊಡಬಾರದು ಎಂದು ಅವರು ನಂಬಿಕೊಂಡಿದ್ದರಂತೆ. ಹಾಗೆ ನಂಬಿದವರು 81 ವರ್ಷ ಬದುಕಿದರು! ಎಡಿನ್‌ಬರೋ ಪಟ್ಟಣದಲ್ಲಿ ಪಶುವೈದ್ಯ ಕಲಿತರು. ಕೆಲವು ವರ್ಷ ತಮ್ಮ ನಾಡಿನಲ್ಲೇ ಕೆಲಸ ಮಾಡಿ 1867ರಲ್ಲಿ ಸಮುದ್ರ ದಾಟಿ ಐರ್ಲೆಂಡಿಗೆ ಹೋದರು. ಮೊದಲು ಡೌನ್‌ಪ್ಯಾಟ್ರಿಕ್‌ನಲ್ಲಿ ಸಹೋದರ ಜೇಮ್ಸ್ ಜೊತೆ ದವಾಖಾನೆ ಇಟ್ಟರು. ಆಮೇಲೆ ಬೆಲ್‌ಫಾಸ್ಟ್ ಎಂಬ ದೊಡ್ಡ ಪಟ್ಟಣದಲ್ಲಿ ನೆಲೆ ನಿಂತರು.

ಆಗ ಮೋಟಾರ್ ಇರಲಿಲ್ಲ. ಪಟ್ಟಣದ ಸಾಮಾನು ಸರಂಜಾಮು ಎಲ್ಲ ಕುದುರೆ ಗಾಡಿಯ ಮೇಲೆ. ಕುದುರೆ ಕುಂಟಿದರೆ ವ್ಯಾಪಾರವೇ ನಿಂತಿತು. ಹಾಗಾಗಿ ಅವರ ದವಾಖಾನೆಗೆ ಕೆಲಸಕ್ಕೆ ಕಡಿಮೆ ಇರಲಿಲ್ಲ, ಐರ್ಲೆಂಡಿನ ದೊಡ್ಡ ಪಶು ದವಾಖಾನೆಗಳಲ್ಲಿ ಅದೂ ಒಂದಾಗಿತ್ತು. ದನದ ಡಾಕ್ಟರ ಬೆಲೆ ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ದೇವಣಿ ಎತ್ತು ನಮ್ಮ ಭಾಗದ್ದು, ಬೀದರದ ನಂದಿನಗರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವೇ ಅದ. ಮುಂದೆ ಅಲ್ಲಿ ಓದಬೇಕೆಂದು ನನಗೂ ಆಸೆ ಇದೆ. ಅಪ್ಪ ಇನ್ನೂ ಹೂಂ ಅಂದಿಲ್ಲ.

ಡನ್‌ಲಪ್ ಅವರಿಗೆ ರಬ್ಬರಿನ ಕೆಲಸ ಮೊದಲಿನಿಂದಲೂ ಸ್ವಲ್ಪ ಗೊತ್ತಿತ್ತು. ಅದೇ ಮುಂದೆ ಉಪಯೋಗಕ್ಕೆ ಬಂತು.

ಅವರಿಗೆ ಜಾನಿ ಎಂಬ ಮಗ. ಹುಡುಗನಿಗೆ ಒಂಬತ್ತು ಹತ್ತು ವರ್ಷ, ಓಡಿಸಲಿಕ್ಕೆ ಮೂರು ಗಾಲಿಯ ಸೈಕಲ್. ಆ ಕಾಲದ ಸೈಕಲ್ ಗಾಲಿಗೆ ಗಟ್ಟಿ ರಬ್ಬರಿನ ಪಟ್ಟಿ ಸುತ್ತಿರುತ್ತಿತ್ತು, ಒಳಗೆ ಹವಾ ಇಲ್ಲ. ಬೆಲ್‌ಫಾಸ್ಟ್ ರಸ್ತೆಗೆ ಕಲ್ಲು ಹಾಸಿದ್ದರು. ಸೈಕಲ್ ಮೇಲೆ ಕುಂತರೆ ಹಲ್ಲು ಕಟಕಟ ಅನ್ನಬೇಕು. ಮಗನಿಗೆ ಮೈ ಕುಲುಕದಂತೆ, ಆದರೆ ಓಟವೂ ಕಡಿಮೆ ಆಗದಂತೆ ಏನು ಮಾಡಬಹುದು ಎಂದು ತಂದೆ ಯೋಚಿಸಿದರು.

1887ರ ಅಕ್ಟೋಬರ್ ತಿಂಗಳು. ತೆಳ್ಳನೆಯ ರಬ್ಬರ್ ಹಾಳೆಯಿಂದ ಒಂದು ಕೊಳವೆ ಮಾಡಿದರು. ಸುಮಾರು 96 ಸೆಂಟಿಮೀಟರ್ ಅಗಲದ ಕಟ್ಟಿಗೆಯ ಚಕ್ರದ ಸುತ್ತ ಅದನ್ನು ಇಟ್ಟು, ಮೇಲೆ ಬಟ್ಟೆ ಸುತ್ತಿ ಮೊಳೆ ಹೊಡೆದರು. ಫುಟ್‌ಬಾಲಿಗೆ ಹವಾ ಹಾಕುವ ಪಂಪಿನಿಂದ ಹವಾ ತುಂಬಿದರು. ನಂತರ ಮಗನ ಸೈಕಲ್ಲಿನ ಗಾಲಿಯನ್ನೂ ಈ ಹೊಸ ಗಾಲಿಯನ್ನೂ ಅಂಗಳದಲ್ಲಿ ಕೈಯಿಂದ ಉರುಳಿಸಿಬಿಟ್ಟರು. ಸೈಕಲ್ಲಿನ ಗಾಲಿ ನಡುವೆಯೇ ನಿಂತು ಬಿತ್ತು. ಹವಾದ ಗಾಲಿ ಅಂಗಳ ಪೂರ್ತಿ ದಾಟಿ ಗೇಟಿನ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು.

ಇದು ಯಾಕೆ ಹೀಗೆ? ಗಟ್ಟಿ ಗಾಲಿ ಸಣ್ಣ ಕಲ್ಲು ಹತ್ತುವಾಗ ಸೈಕಲ್ಲು, ಮೇಲೆ ಕುಂತವರು ಎಲ್ಲರೂ ಮೇಲಕ್ಕೆ ಏಳಬೇಕು. ಹಾಗೆ ಪ್ರತಿ ಕಲ್ಲಿಗೂ ಏಳುವುದು ಬೀಳುವುದು, ಅದರಲ್ಲೇ ಶಕ್ತಿ ಖರ್ಚು. ಹವಾದ ಟೈರು ಕಲ್ಲು ಬಂದಲ್ಲಿ ಮಾತ್ರ ಒಳಕ್ಕೆ ತಗ್ಗಿ, ದಾಟಿದ ಮೇಲೆ ಮತ್ತೆ ಮೊದಲಿನಂತೆ ಆಗುತ್ತದೆ. ಮೇಲೆ ಕುಂತವರು ಅಷ್ಟಾಗಿ ಅಲುಗುವುದಿಲ್ಲ. ಡನ್‌ಲಪ್ ಹೊರಟದ್ದು ಮಗನ ಸುಖಕ್ಕೆ, ಸಿಕ್ಕದ್ದು ಸುಖವೂ ಹೌದು, ಓಟವೂ ಹೌದು.

ಮುಂದೆ ಸೈಕಲ್ಲಿನ ಹಿಂದಿನ ಎರಡೂ ಗಾಲಿಗೆ ಅಂಥ ಟೈರು ಹಾಕಿದರು. ಆಮೇಲೆ ದೊಡ್ಡವರ ಎರಡು ಗಾಲಿಯ ಸೈಕಲ್ಲಿಗೆ ಹಾಕಿ ಬೆಲ್‌ಫಾಸ್ಟ್‌ನ ಚೆರ್ರಿವೇಲ್ ಮೈದಾನದಲ್ಲಿ ಓಡಿಸಿ ನೋಡಿದರು. 1888ರ ಡಿಸೆಂಬರ್ 7ರಂದು ಪೇಟೆಂಟ್ ಸಿಕ್ಕಿತು. ಪೇಟೆಂಟ್ ಅಂದರೆ ಇದು ಇವರು ಕಂಡುಹಿಡಿದದ್ದು, ಬೇರೆ ಯಾರೂ ಕೇಳದೆ ಮಾಡಬಾರದು ಎಂಬ ಸರಕಾರಿ ಹಕ್ಕು.

ವಿಲ್ಲಿ ಹ್ಯೂಮ್ ಎಂಬ ಸೈಕಲ್ ಪಟು ಈ ಟೈರು ಹಾಕಿಸಿಕೊಂಡು 1889ರ ಮೇ 18ರಂದು ಬೆಲ್‌ಫಾಸ್ಟ್‌ನ ಕ್ವೀನ್ಸ್ ಕಾಲೇಜಿನ ಪಂದ್ಯಕ್ಕೆ ಬಂದರು. ಟೈರಿನ ದಪ್ಪ ನೋಡಿ ಜನ ನಕ್ಕರಂತೆ. ಹ್ಯೂಮ್ ನಾಲ್ಕು ಸೈಕಲ್ ಪಂದ್ಯಗಳಿಗೆ ನಾಲ್ಕನ್ನೂ ಗೆದ್ದರು. ಸ್ವಲ್ಪ ದಿನಕ್ಕೆ ಇಂಗ್ಲೆಂಡಿನ ಲಿವರ್‌ಪೂಲ್‌ಗೆ ಹೋಗಿ ಅಲ್ಲಿಯೂ ಒಂದನ್ನು ಬಿಟ್ಟು ಎಲ್ಲ ಗೆದ್ದು ಬಂದರು.

ಇಲ್ಲಿ ಒಂದು ಮಾತು ಗಮನಿಸಿರಿ. ನಾಲ್ಕಕ್ಕೆ ನಾಲ್ಕು ಗೆದ್ದ ಆ ಟೈರಿನ ಮೈ ಬೋಳು. ಗೆರೆ ಇಲ್ಲ, ಹಲ್ಲು ಇಲ್ಲ, ಬಾಣದ ಗುರುತಂತೂ ಇಲ್ಲವೇ ಇಲ್ಲ. ಯಾವ ಕಡೆಯಿಂದ ಹಾಕಿದರೂ ಒಂದೇ. ಗೆಲ್ಲಿಸಿದ್ದು ಒಳಗಿನ ಹವಾ. ಗೆರೆಗಳು ಟೈರಿಗೆ ಆಮೇಲೆ ಬಂದವು. ಜರ್ಮನಿಯ ಕಾಂಟಿನೆಂಟಲ್ ಕಂಪನಿ ಮೋಟಾರ್ ಗಾಡಿಗೆ ನಕ್ಷೆ ಇರುವ ಟೈರು ತಂದದ್ದು 1904ರಲ್ಲಿ.

ಆ ಮೊದಲ ಟೈರಿಗೆ ಒಂದು ದೊಡ್ಡ ತೊಂದರೆ ಇತ್ತು. ಅದನ್ನು ಬಟ್ಟೆ ಸುತ್ತಿ ಅಂಟಿನಿಂದ ರಿಮ್ಮಿಗೆ ಅಂಟಿಸುತ್ತಿದ್ದರು. ಪಂಚರ್ ಆದರೆ ಅಂಟು ಬಿಚ್ಚಬೇಕು, ಬಟ್ಟೆ ಬಿಚ್ಚಬೇಕು, ಟ್ಯೂಬು ತೆಗೆಯಬೇಕು, ಮತ್ತೆ ಎಲ್ಲ ಅಂಟಿಸಬೇಕು. 1890ರಲ್ಲಿ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಎಂಬವರು ಟೈರಿನ ಎರಡೂ ಅಂಚಿನಲ್ಲಿ ತಂತಿ ಇಟ್ಟು, ನಡುವೆ ತಗ್ಗಿರುವ ರಿಮ್ಮಿನಲ್ಲಿ ಅದನ್ನು ಕೂಡಿಸುವ ಉಪಾಯ ಮಾಡಿದರು. ಅದೇ ವರ್ಷ ಬಾರ್ಟ್ಲೆಟ್ ಎಂಬವರು ಇನ್ನೊಂದು ರೀತಿ ತಂದರು. ಇವತ್ತು ನಮ್ಮ ಊರಿನಲ್ಲಿ ಟೈರನ್ನು ಎರಡು ನಿಮಿಷದಲ್ಲಿ ರಿಮ್ಮಿನಿಂದ ಬಿಚ್ಚಿ ಮತ್ತೆ ಕೂಡಿಸುವುದು ಆ ತಂತಿಯ ಉಪಾಯದಿಂದಲೇ. ಸುಲಭವಾಗಿ ಬಿಚ್ಚಿ ಹಾಕಲು ಬಂದ ಮೇಲೆಯೇ, ಮೇಲೆ ಗೆರೆಯೂ ಮೂಡಿದ ಮೇಲೆಯೇ, ಟೈರು ಉಲ್ಟಾ ಆಗುವ ಮಾತು ಹುಟ್ಟಿತು.

ಈಗ ಜಗಳದ ವಿಷಯ.

ಹತ್ತನೇ ತರಗತಿಯ ಹುಡುಗ ದಪ್ಪ ಟೈರಿನ ಸೈಕಲ್ ಮೇಲೆ ನಾಲೆಯ ಹತ್ತಿರ ರಾಡಿಯಲ್ಲಿ ಜಾರಿ ಬಿದ್ದ, ಕೈ ಮುರಿಯಿತು. ಎಂಟು ದಿನದ ಹಿಂದೆ ನಮ್ಮ ಊರ ಸೈಕಲ್ ಕಾಕಾ ಅವನ ಹಿಂದಿನ ಟೈರು ಹೊಸದು ಹಾಕಿದ್ದರು. ನೋಡಿದರೆ ಟೈರಿನ ಬದಿಯಲ್ಲಿ ಬಾಣದ ಗುರುತು ಅದ, ಬಾಣ ಹಿಂದಕ್ಕೆ ಮುಖ ಮಾಡಿದೆ. ಅಂದರೆ ಉಲ್ಟಾ ಹಾಕ್ಯಾರ. ಹುಡುಗನ ಮನೆಯವರು ದವಾಖಾನೆಯ ಖರ್ಚು ಕಾಕಾನೇ ಕೊಡಬೇಕು ಎಂದರು. ಕಾಕಾ ನಲವತ್ತು ವರ್ಷದಿಂದ ಟೈರು ಹಾಕುತ್ತಿರುವೆ, ಸೈಕಲ್ ಟೈರಿಗೆ ಸುಲ್ಟಾ ಉಲ್ಟಾ ಇಲ್ಲ ಎಂದರು. ಕೆಲವರು ಅವರ ಅಂಗಡಿಗೆ ಹೋಗುವುದನ್ನೇ ಬಿಟ್ಟು, ಪಂಚರ್ ಆದ ಸೈಕಲ್ ತಳ್ಳಿಕೊಂಡು ಔರಾದ ರಸ್ತೆಯ ಅಂಗಡಿತನಕ ಹೋದರು. ಪಂಚರ್ ಹಾಕುವವರ ಮನೆ ನಡೆಯುವುದು ದಿನದ ದುಡಿಮೆಯ ಮೇಲೆ. ಮೂರು ವಾರ ಅವರ ಅಂಗಡಿ ಮುಂದೆ ಒಂದೆರಡು ಸೈಕಲ್ ಮಾತ್ರ ನಿಂತಿರುತ್ತಿದ್ದವು.

ನಾನು ತಿಳಿದುಕೊಂಡದ್ದು ಹೀಗಿದೆ. ಡಾಂಬರ್ ರಸ್ತೆಯ ಮೇಲೆ ಸೈಕಲ್ ಟೈರಿನ ಗೆರೆಗೆ ಹೆಚ್ಚು ಕೆಲಸವಿಲ್ಲ. ಮೋಟಾರಿನ ಟೈರು ಅಗಲ, ಓಟ ಜೋರು. ಮಳೆಯ ನೀರು ಹೊರಗೆ ಹೋಗಲು ಅದಕ್ಕೆ ಗೆರೆ ಬೇಕು, ಇಲ್ಲದಿದ್ದರೆ ಗಾಲಿ ನೀರಿನ ಮೇಲೆ ತೇಲುತ್ತದೆ. ಸೈಕಲ್ ಟೈರು ಸಣ್ಣದು, ಮೈ ದುಂಡಗೆ. ಅದೇ ನೀರನ್ನು ಸೀಳಿ ನೆಲ ಮುಟ್ಟುತ್ತದೆ. ವಿಮಾನದ ಗಾಲಿಗೆ ಅಂತ ಮಾಡಿದ ಒಂದು ಲೆಕ್ಕ ಅದ, ಅದರಲ್ಲಿ ಚದರ ಇಂಚಿಗೆ 40 ಪೌಂಡ್ ಹವಾ ಇಟ್ಟು ನೋಡಿದರೆ ಗಾಲಿ ತೇಲಲಿಕ್ಕೆ ಗಂಟೆಗೆ 100 ಕಿಲೋಮೀಟರ್‌ಗಿಂತ ಜೋರು ಓಡಬೇಕು. ನಮ್ಮಲ್ಲಿ ಅಷ್ಟು ತುಳಿಯುವವರು ಯಾರಿದ್ದಾರೆ? ಹಾಗಾಗಿ ಡಾಂಬರಿನ ಮೇಲೆ ಬಾಣ ಮುಂದೆ ಇದ್ದರೂ ಹಿಂದೆ ಇದ್ದರೂ ಫರಕು ಗೊತ್ತಾಗುವುದಿಲ್ಲ.

ಮೆತ್ತನೆಯ ನೆಲದ ಮಾತು ಬೇರೆ. ಅದಕ್ಕೆ ಟ್ರ್ಯಾಕ್ಟರಿನ ದೊಡ್ಡ ಗಾಲಿ ನೋಡಿರಿ. ಟ್ರ್ಯಾಕ್ಟರಿನ ಹಿಂದೆ ನಿಂತರೆ ಅದರ ಹಲ್ಲುಗಳು ಗುಡಿಸಲಿನ ಮಾಡಿನಂತೆ ತುದಿ ಮೇಲೆ, ಕಾಲು ಕೆಳಗೆ ಕಾಣುತ್ತವೆ. ಗಾಲಿ ತಿರುಗಿದಾಗ ತುದಿ ಮೊದಲು ನೆಲ ಮುಟ್ಟುತ್ತದೆ, ಮಣ್ಣು ನಡುವಿನಿಂದ ಎರಡೂ ಬದಿಗೆ ಸರಿದು ಹೋಗುತ್ತದೆ. ಉಲ್ಟಾ ಹಾಕಿದರೆ ಮಣ್ಣು ನಡುವೆ ಬಂದು ತುಂಬಿಕೊಳ್ಳುತ್ತದೆ, ಹಿಡಿತ ಹೋಗುತ್ತದೆ. ಹೊಲದಲ್ಲಿ ಮೂಡಿದ ಅಚ್ಚು ನೋಡಿ ಟ್ರ್ಯಾಕ್ಟರ್ ಯಾವ ಕಡೆ ಹೋಯಿತೆಂದು ಹೇಳಬಹುದು. ಅಚ್ಚಿನ ತುದಿ ಹಿಂದಕ್ಕೆ, ತೆರೆದ ಬಾಯಿ ಹೋದ ಕಡೆಗೆ ಇರುತ್ತದೆ. ದಪ್ಪ ಹಲ್ಲಿನ ಸೈಕಲ್ ಟೈರಿನ ಬಾಣವೂ ಇದಕ್ಕೇ. ಹಿಂದಿನ ಗಾಲಿ ಸೈಕಲ್ಲನ್ನು ತಳ್ಳುತ್ತದೆ, ಮುಂದಿನದು ತಿರುಗಿಸಲಿಕ್ಕೆ ಮತ್ತು ಬ್ರೇಕ್ ಹಿಡಿಯಲಿಕ್ಕೆ. ಅದಕ್ಕೇ ಕೆಲವು ಟೈರಿನ ಮೇಲೆ ಮುಂದಿನ ಗಾಲಿಗೆ ಒಂದು ಬಾಣ, ಹಿಂದಿನ ಗಾಲಿಗೆ ಅದರ ವಿರುದ್ಧ ಇನ್ನೊಂದು ಬಾಣ ಬರೆದಿರುತ್ತಾರೆ.

ಹೀಗಿದ್ದರೂ ನಮ್ಮ ಮಣ್ಣಿನ ಗುಣ ಮರೆಯಬಾರದು. ಬೀದರ ಪಟ್ಟಣ ಇರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ದಿನ್ನೆಯ ಮೇಲೆ, ಅಲ್ಲಿ ಮಳೆ ನಿಂತರೆ ನೆಲ ಬೇಗ ಗಟ್ಟಿಯಾಗುತ್ತದೆ. ಮಾಂಜ್ರಾ ನದಿಯ ಈಚೆ ಆಚೆ, ಭಾಲ್ಕಿಯಿಂದ ಔರಾದ ತನಕ ಎರಿ ಮಣ್ಣೇ ಹೆಚ್ಚು. ಹಸಿ ಎರಿ ಮಣ್ಣು ಗಾಲಿ ನಾಲ್ಕು ಸುತ್ತು ತಿರುಗುವುದರಲ್ಲಿ ಹಲ್ಲುಗಳ ನಡುವೆ ಗಚ್ಚಿನಂತೆ ತುಂಬುತ್ತದೆ. ಮಡ್‌ಗಾರ್ಡಿನ ಒಳಗೆ ಹೊಕ್ಕು ಗಾಲಿಯನ್ನೇ ನಿಲ್ಲಿಸುತ್ತದೆ. ಆಗ ಎಂಥ ಹೊಸ ಟೈರೂ ಬೋಳು ಟೈರೇ. ಬಾಣ ಯಾವ ಕಡೆ ಇದ್ದರೇನು?

ಆ ಹುಡುಗ ಬಿದ್ದದ್ದು ಹೇಗೆ ಎಂದು ನಾನು ಅವನನ್ನೇ ಕೇಳಿದೆ. ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಹಿಡಿದಾಗ ಮುಂದಿನ ಗಾಲಿ ಸರ್ರನೆ ಪಕ್ಕಕ್ಕೆ ಜಾರಿತು ಎಂದ. ಮುಂದಿನ ಟೈರು ಹಳೆಯದು, ನಡುವೆ ಪೂರಾ ಸವೆದು ನುಣ್ಣಗಾಗಿತ್ತು. ಅದರ ಬಾಣ ಸರಿಯಾಗಿಯೇ ಇತ್ತು! ಹಿಂದಿನ ಟೈರು ಉಲ್ಟಾ ಇದ್ದದ್ದು ಖರೆ. ಅದರಿಂದ ರಾಡಿಯಲ್ಲಿ ದಿನ್ನೆ ಹತ್ತುವಾಗ ಗಾಲಿ ಸ್ವಲ್ಪ ಹೆಚ್ಚು ಜಾರಬಹುದು. ಇಳಿಯುವಾಗ ಮುಂದಿನ ಗಾಲಿ ಜಾರಿದ್ದಕ್ಕೆ ಹಿಂದಿನ ಬಾಣವನ್ನು ಬೈದರೆ ಹೇಗೆ? ಕಂಪನಿಯವರು ಗುರುತು ಹಾಕಿದ ಮೇಲೆ ಕಾಕಾ ಅದನ್ನು ನೋಡಿ ಹಾಕಬೇಕಿತ್ತು, ನೋಡಲಿಕ್ಕೆ ದುಡ್ಡೇನೂ ಬೇಕಿಲ್ಲ. ಆದರೆ ಕೈ ಮುರಿದ ಖರ್ಚು ಅವರ ಮೇಲೆ ಹೊರಿಸುವುದು ನನಗೆ ನ್ಯಾಯ ಅನಿಸುವುದಿಲ್ಲ.

ಡನ್‌ಲಪ್ ಅವರ ಅಂಗಳದ ಪರೀಕ್ಷೆಯನ್ನು ಓದಿದ ಮೇಲೆ ನಾವೂ ಒಂದು ಮಾಡಿದೆವು. ಶಾಲೆಯ ಮುಂದಿನ ಡಾಂಬರ್ ಇಳಿಜಾರಿನಲ್ಲಿ ಅದೇ ಸೈಕಲ್ ಮೇಲೆ ಅದೇ ಹುಡುಗಿಯನ್ನು ಕೂಡಿಸಿ ತುಳಿಯದೆ ಬಿಟ್ಟೆವು. ನಿಂತಲ್ಲಿ ಸುಣ್ಣದ ಕಡ್ಡಿಯಿಂದ ಗೆರೆ ಎಳೆದೆವು. ಐದು ಸಲ ಹಾಗೆ. ಕಾಕಾ ಟೈರು ತಿರುಗಿಸಿ ಹಾಕಿಕೊಟ್ಟ ಮೇಲೆ ಮತ್ತೆ ಐದು ಸಲ. ಹತ್ತೂ ಗೆರೆ ಒಂದರೊಳಗೊಂದು ಬೆರೆತುಹೋದವು, ಯಾವುದು ಯಾವ ಕಡೆಯದು ಎಂದು ಹೇಳಲಿಕ್ಕೆ ಬರಲಿಲ್ಲ. ಆಮೇಲೆ ಹವಾ ಅರ್ಧ ಬಿಟ್ಟು ಒಂದೇ ಸಲ ನೋಡಿದೆವು. ಸೈಕಲ್ಲು ಹತ್ತೂ ಗೆರೆಗಳಿಗಿಂತ ಎಷ್ಟೋ ಹಿಂದೆಯೇ ನಿಂತಿತು. ಹುಡುಗನ ಅಪ್ಪ ದೂರ ನಿಂತು ಇದನ್ನೆಲ್ಲ ನೋಡಿದರು, ಏನೂ ಅನ್ನಲಿಲ್ಲ. ಮರುದಿನ ಮುಂದಿನ ಗಾಲಿಗೆ ಹೊಸ ಟೈರು ಹಾಕಿಸಲು ಕಾಕಾನ ಅಂಗಡಿಗೇ ಬಂದರು. ಖರ್ಚಿನ ಮಾತು ಇನ್ನೂ ಮುಗಿದಿಲ್ಲ.

ಸರಕಾರ 2006-07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರು ಮಾಡಿತ್ತು. ನಮ್ಮ ಅಕ್ಕನಿಗೂ ಅಂಥದೊಂದು ಬಂದಿತ್ತು, ಈಗ ನಾನು ಅದನ್ನೇ ತುಳಿಯುತ್ತೇನೆ. ಅದರ ಟೈರಿನ ಗೆರೆಗಳು ಸುತ್ತಲೂ ಉದ್ದಕ್ಕೆ ಓಡುತ್ತವೆ, ಬಾಣ ಇಲ್ಲ. ಅಂಥ ಸೈಕಲ್ ಇರುವವರು ಈ ಚಿಂತೆಯನ್ನೇ ಬಿಡಬಹುದು. ದಪ್ಪ ಟೈರಿನವರು ಮಾತ್ರ ಗಾಲಿ ಕೂಡಿಸುವ ಮೊದಲು ಬದಿ ಒರೆಸಿ ಬಾಣ ನೋಡಿಕೊಳ್ಳಿರಿ.

ಇನ್ನು ಡಾಕ್ಟರ ಉಳಿದ ಕಥೆ. ಟೈರು ಗೆದ್ದದ್ದು ನೋಡಿ ಡಬ್ಲಿನ್ ಪಟ್ಟಣದ ಹಾರ್ವೆ ಡು ಕ್ರಾಸ್ ಎಂಬ ವ್ಯಾಪಾರಿ ಮುಂದೆ ಬಂದರು. ಹ್ಯೂಮ್ ಎದುರು ಸೋತವರಲ್ಲಿ ಅವರ ಮಕ್ಕಳೂ ಇದ್ದರು. 1889ರಲ್ಲಿ ಕಂಪನಿ ಶುರುವಾಯಿತು. ಡನ್‌ಲಪ್ ತಮ್ಮ ಪೇಟೆಂಟನ್ನು ಅದಕ್ಕೆ ಒಪ್ಪಿಸಿ ಬದಲಿಗೆ 1500 ಷೇರು ತೆಗೆದುಕೊಂಡರು.

ಒಂದು ವರ್ಷದಲ್ಲಿ ಕೆಟ್ಟ ಸುದ್ದಿ ಬಂತು. ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವರು ನಲವತ್ತು ವರ್ಷದ ಹಿಂದೆಯೇ ಹವಾ ತುಂಬಿದ ಗಾಲಿ ಕಂಡುಹಿಡಿದು ಪೇಟೆಂಟ್ ಪಡೆದಿದ್ದರು. 1847ರಲ್ಲಿ ಲಂಡನ್ನಿನಲ್ಲಿ ಕುದುರೆ ಗಾಡಿಗೆ ಹಾಕಿ ಓಡಿಸಿಯೂ ತೋರಿಸಿದ್ದರು. ಆಗ ಸೈಕಲ್ಲೇ ಇರಲಿಲ್ಲ, ಒಳ್ಳೆಯ ತೆಳು ರಬ್ಬರೂ ಸುಲಭವಾಗಿ ಸಿಗುತ್ತಿರಲಿಲ್ಲ, ಜನ ಅದನ್ನು ಮರೆತುಬಿಟ್ಟಿದ್ದರು. ಡನ್‌ಲಪ್ ಅವರಿಗೆ ಅದು ಗೊತ್ತೇ ಇರಲಿಲ್ಲ. ಅವರ ಪೇಟೆಂಟ್ ನಡೆಯುವುದಿಲ್ಲ ಎಂದು 1890ರಲ್ಲಿ ತಿಳಿಸಲಾಯಿತು. ವೆಲ್ಚ್ ಮತ್ತು ಬಾರ್ಟ್ಲೆಟ್ ಅವರ ಹಕ್ಕುಗಳನ್ನು ಕೊಂಡುಕೊಂಡದ್ದರಿಂದ ಕಂಪನಿ ಉಳಿಯಿತು.

1895ರಲ್ಲಿ ಡನ್‌ಲಪ್ ಕಂಪನಿಯಿಂದ ಹೊರಗೆ ಬಂದರು. ಮರುವರ್ಷವೇ ಡು ಕ್ರಾಸ್ ಅದನ್ನು ಹೂಲಿ ಎಂಬ ಸಾಹುಕಾರನಿಗೆ 30 ಲಕ್ಷ ಪೌಂಡಿಗೆ ಮಾರಿದರು, ಹೂಲಿ ಅದನ್ನೇ 50 ಲಕ್ಷ ಪೌಂಡಿಗೆ ಜನರಿಗೆ ಮಾರಿದ. ಅಷ್ಟು ಹಣದಲ್ಲಿ ದನದ ಡಾಕ್ಟರಿಗೆ ದೊಡ್ಡ ಪಾಲೇನೂ ಬರಲಿಲ್ಲ. ಅವರು ಡಬ್ಲಿನ್‌ನಲ್ಲಿ ಒಂದು ಬಟ್ಟೆ ವ್ಯಾಪಾರದ ಕಡೆ ಗಮನ ಕೊಟ್ಟು ಸಮಾಧಾನದಿಂದ ಇದ್ದರು. ಒಂದು ವಿಷಯಕ್ಕೆ ಮಾತ್ರ ಸಿಟ್ಟಾಗಿದ್ದರು. ಕಂಪನಿಯವರು ಜಾಹೀರಾತಿನಲ್ಲಿ ಅವರನ್ನು ಎತ್ತರದ ಟೊಪ್ಪಿಗೆಯ ಶೋಕಿಲಾಲನ ಹಾಗೆ ಚಿತ್ರಿಸುತ್ತಿದ್ದರು. ಉದ್ದ ಗಡ್ಡದ ಸಾದಾ ಮನುಷ್ಯನಿಗೆ ಅದು ಹೇಗೆ ಹಿಡಿಸೀತು? ತಮ್ಮ ಟೈರಿನ ಕಥೆಯನ್ನು ತಾವೇ ಬರೆದಿಟ್ಟರು, ಅವರು ತೀರಿಕೊಂಡ ಮೇಲೆ ಅದು ಪುಸ್ತಕವಾಗಿ ಬಂತು.

1921ರ ಅಕ್ಟೋಬರ್ 23ರಂದು ಡಬ್ಲಿನ್‌ನಲ್ಲಿ ತೀರಿಕೊಂಡರು. ಡೀನ್ಸ್‌ಗ್ರೇಂಜ್ ಎಂಬ ಸ್ಮಶಾನದಲ್ಲಿ ಅವರ ಸಮಾಧಿ ಇದೆ. 1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಅವರ ಹೆಸರಿನ ಟೈರು ಕಾರ್ಖಾನೆ ಶುರುವಾಯಿತು. ಈಗ ಅದು ಮುಚ್ಚಿಹೋಗಿದೆ. ಆದರೂ ನಮ್ಮ ಕಡೆಯ ಎತ್ತಿನ ಗಾಡಿಗೆ ಹೆಸರು ಉಳಿದಿದೆ. ಉತ್ತರ ಐರ್ಲೆಂಡಿನ ಒಂದು ಬ್ಯಾಂಕು 10 ಪೌಂಡಿನ ನೋಟಿನ ಮೇಲೆ ಅವರ ಚಿತ್ರ ಅಚ್ಚು ಹಾಕಿತು.